ಹೆದ್ದಾರಿ 275, ಎರಡು ಸಂಪಾಜೆ, ಐದು ತಾಲ್ಲೂಕು: ಕೊಡಗಿನ ರಸ್ತೆ ಮತ್ತು ಪಂಚಾಯಿತಿ ಪುಟಗಳನ್ನು ಒಟ್ಟಿಗೆ ಬರೆಯೋಣ್ವಾ?

ಸುಂಟಿಕೊಪ್ಪ_ಸಂತೆ · ಭಾನುವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಕನ್ನಡ ವಿಕಿಪೀಡಿಯದ ನನ್ನ ಪ್ರಯೋಗಪುಟದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ವಿಷಯ, ನಮ್ಮ ಮನೆ ಮುಂದೆ ಹೋಗುವ ರಸ್ತೆ. ಬಂಟ್ವಾಳದಲ್ಲಿ ಹೊರಟು ಪುತ್ತೂರು, ಸುಳ್ಯ, ಮಡಿಕೇರಿ, ಕುಶಾಲನಗರ, ಹುಣಸೂರು, ಮೈಸೂರು ದಾಟಿ ಬೆಂಗಳೂರು ಸೇರುವ ರಾಷ್ಟ್ರೀಯ ಹೆದ್ದಾರಿ 275. ಇಡೀ ರಸ್ತೆ ಒಬ್ಬಳ ಕೈಲಿ ಆಗುವ ಕೆಲಸ ಅಲ್ಲ. ಸಂಪಾಜೆಯಿಂದ ಕುಶಾಲನಗರದವರೆಗಿನ ಕೊಡಗಿನ ಭಾಗವನ್ನಾದರೂ ಸರಿಯಾಗಿ ಬರೆಯೋಣ ಅಂತ ಕೂತೆ.

ದಾರಿಯ ಊರುಗಳನ್ನು ಒಂದೊಂದಾಗಿ ಬರೆದೆ. ಸಂಪಾಜೆ, ಕೊಯನಾಡು, ದೇವರಕೊಲ್ಲಿ, ಜೋಡುಪಾಲ, ಮದೆನಾಡು, ಮಡಿಕೇರಿ, ಬೋಯಿಕೇರಿ, ಕೆದಕಲ್, ಸುಂಟಿಕೊಪ್ಪ, 7ನೇ ಹೊಸಕೋಟೆ, ಆನೆಕಾಡು, ಗುಡ್ಡೆಹೊಸೂರು, ಕುಶಾಲನಗರ. ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಓಡಾಡಿದ ದಾರಿ, ಪುಸ್ತಕ ನೋಡುವ ಅಗತ್ಯವೇ ಬರಲಿಲ್ಲ. ಆಮೇಲೆ ಪ್ರತಿ ಊರಿನ ಪಕ್ಕ ಅದರ ಪಂಚಾಯಿತಿ, ತಾಲ್ಲೂಕು ಹಾಕಲು ಹೋದೆ. ಅಲ್ಲಿ ಸಿಕ್ಕಿಬಿದ್ದೆ.

ನನ್ನ ಊರನ್ನೇ ನೋಡಿ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಸುಂಟಿಕೊಪ್ಪ, ಸೋಮವಾರಪೇಟೆ ತಾಲ್ಲೂಕು ಅಂತಿದೆ. ಈಗ ನಾವು ಕುಶಾಲನಗರ ತಾಲ್ಲೂಕು. ಮೂರು ತಾಲ್ಲೂಕು ಇದ್ದ ಕೊಡಗು ಐದಾಯಿತು, ಕುಶಾಲನಗರ ಮತ್ತು ಪೊನ್ನಂಪೇಟೆ ಹೊಸದಾಗಿ ಬಂದವು. ಆದರೆ ನಮ್ಮ ಕೈಗೆ ಸಿಗುವ ಜನಗಣತಿ 2011ರದ್ದು. ಅದರಲ್ಲಿರುವುದು ಹಳೆಯ ಮೂರೇ ತಾಲ್ಲೂಕು. ಹೊಸ ತಾಲ್ಲೂಕಿನ ಪುಟದಲ್ಲಿ ಜನಸಂಖ್ಯೆ ಅಂತ ಏನು ಹಾಕೋದು?

ಮದೆನಾಡಿನ ಇಳಿಜಾರು, ಜೋಡುಪಾಲದ ತಿರುವು, ಕೊಯನಾಡಿನ ಅಂಗಡಿ ಸಾಲು ನೋಡಿದವರು ಇಲ್ಲಿ ತುಂಬಾ ಜನ ಇದ್ದೀರಿ. ದಯವಿಟ್ಟು ಕೈಜೋಡಿಸಿ. ನನ್ನ ಕರಡನ್ನು ಯಾರು ಬೇಕಾದರೂ ತಿದ್ದಬಹುದು, ನನಗೆ ಬೇಜಾರಿಲ್ಲ.

ಪಯಸ್ವಿನಿ_ದಂಡೆ · ಭಾನುವಾರ, ರಾತ್ರಿ 10:05

ಅಕ್ಕಾ, ಕರಡು ಓದಿದೆ. ಚೆನ್ನಾಗಿದೆ. ಆದರೆ ಮೊದಲ ಊರಿನಲ್ಲೇ ಒಂದು ತಪ್ಪು ಉಂಟು.

ಸಂಪಾಜೆ ಒಂದಲ್ಲ ಮಾರಾಯ್ರೆ, ಎರಡು. ಒಂದು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನದು, ಇನ್ನೊಂದು ಕೊಡಗಿನ ಮಡಿಕೇರಿ ತಾಲ್ಲೂಕಿನದು. ಎರಡಕ್ಕೂ ಬೇರೆ ಬೇರೆ ಗ್ರಾಮ ಪಂಚಾಯಿತಿ. ಇದೇ ಹೆದ್ದಾರಿ ಎರಡರಲ್ಲೂ ಹಾದು ಹೋಗುತ್ತದೆ. ನಮ್ಮ ಮನೆ ಈಚೆ, ನನ್ನ ಸೋದರಮಾವನ ಮನೆ ಆಚೆ. ಮಾವನ ಮನೆಗೆ ಮಧ್ಯಾಹ್ನ ಊಟಕ್ಕೆ ಹೋಗಿ ಬಂದರೆ ಜಿಲ್ಲೆ ದಾಟಿ ಬಂದ ಹಾಗೆ. ನಮಗೆ ಏನಾದರೂ ಕಾಗದಪತ್ರ ಬೇಕಾದರೆ ಸುಳ್ಯ, ಅವರಿಗೆ ಮಡಿಕೇರಿ. ಊರಿನ ಹೆಸರು ಕೇಳಿದರೆ ಇಬ್ಬರೂ ಹೇಳುವುದು ಸಂಪಾಜೆ.

ನೀವು ಕರಡಿನಲ್ಲಿ ಸಂಪಾಜೆ ಪಂಚಾಯಿತಿ ಅಂತ ಹಾಕಿದ ವಿವರ ನಮ್ಮ ಕಡೆಯದು, ಅಂದರೆ ದಕ್ಷಿಣ ಕನ್ನಡದ್ದು. ಕಲ್ಲುಗುಂಡಿ ಪೇಟೆ ಅಂತ ಬರೆದಿದ್ದೀರಲ್ಲ, ಅದು ಕೊಡಗಿಗೆ ಬರುವುದಿಲ್ಲ. ಸಿಟ್ಟಿನಿಂದ ಹೇಳಿದ್ದಲ್ಲ. ಈ ತಪ್ಪು ಪೇಪರಿನವರೂ ಮಾಡ್ತಾರೆ.

ಸುಂಟಿಕೊಪ್ಪ_ಸಂತೆ · ಭಾನುವಾರ, ರಾತ್ರಿ 10:20

ಅಯ್ಯೋ, ಹೌದು. ನಾನು ಅಂತರಜಾಲದಲ್ಲಿ ಸಂಪಾಜೆ ಅಂತ ಹುಡುಕಿ ಮೊದಲು ಸಿಕ್ಕಿದ್ದನ್ನು ತೆಗೆದುಕೊಂಡೆ. ನೂರು ಸಲ ಆ ದಾರಿಯಲ್ಲಿ ಹೋಗಿದ್ದೇನೆ, ಆದರೂ ಗಮನಕ್ಕೆ ಬಂದಿರಲಿಲ್ಲ. ಈಗಲೇ ಆ ಸಾಲು ತೆಗೆದೆ. ಎರಡೂ ಸಂಪಾಜೆಯ ಪುಟ ನೀವೇ ನೋಡಿಕೊಳ್ಳುತ್ತೀರಾ ಅಣ್ಣ? ನಿಮಗಿಂತ ಸರಿಯಾದವರು ಸಿಗಲ್ಲ.

ಅರಳಿಕಟ್ಟೆ_ಹಳಬ · ಸೋಮವಾರ, ಬೆಳಿಗ್ಗೆ 7:15

ತುಂಬಾ ಖುಷಿಯಾಯಿತು. ನಾನು ಕನ್ನಡ ವಿಕಿಪೀಡಿಯದಲ್ಲಿ ಸುಮಾರು ವರ್ಷದಿಂದ ಇದ್ದೇನೆ. 2003ರಲ್ಲಿ ಶುರುವಾದ ವಿಕಿ ಇದು. ಅಲ್ಲಿನ ಅರಳಿಕಟ್ಟೆಯಲ್ಲಿ ಎಲ್ಲಾ ವಿಷಯಕ್ಕೂ ಚರ್ಚೆ ಆಗುತ್ತದೆ. ಆದರೆ ರಸ್ತೆ, ಪಂಚಾಯಿತಿ ಅಂದರೆ ಬರುವವರು ಕಡಿಮೆ. ದೇವಸ್ಥಾನಕ್ಕೆ, ಸಿನಿಮಾಕ್ಕೆ ಬರೆಯುವವರು ಇದ್ದಾರೆ. ದಿನಾ ನಡೆದಾಡುವ ರಸ್ತೆಗೆ ಯಾಕೋ ಯಾರೂ ಇಲ್ಲ.

ಸಂಪಾಜೆ ವಿಷಯಕ್ಕೆ ದಾರಿ ಇದೆ. ಎರಡು ಪುಟ ಮಾಡಿ. ಒಂದಕ್ಕೆ ‘ಸಂಪಾಜೆ, ಕೊಡಗು’, ಇನ್ನೊಂದಕ್ಕೆ ‘ಸಂಪಾಜೆ, ದಕ್ಷಿಣ ಕನ್ನಡ’ ಅಂತ ಹೆಸರು ಕೊಡಿ. ಬರೀ ‘ಸಂಪಾಜೆ’ ಅನ್ನುವ ಪುಟದಲ್ಲಿ ಎರಡಕ್ಕೂ ಕೊಂಡಿ ಇರಲಿ. ಪ್ರತಿ ಪುಟದ ತಲೆಯಲ್ಲಿ ‘ಇದು ಇಂಥ ಜಿಲ್ಲೆಯ ಸಂಪಾಜೆಯ ಬಗ್ಗೆ, ಅದೇ ಹೆಸರಿನ ಇನ್ನೊಂದು ಊರಿಗೆ ಇಲ್ಲಿ ನೋಡಿ’ ಅಂತ ಒಂದು ಸಾಲು ಹಾಕಿ. ಓದುವವರು ದಾರಿ ತಪ್ಪಲ್ಲ.

ಜನಗಣತಿ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. 2011ರಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಜಿಲ್ಲೆಯ ಗಡಿ ಬದಲಾಗಿಲ್ಲ, ಹಾಗಾಗಿ ಆ ಅಂಕಿ ಧೈರ್ಯವಾಗಿ ಹಾಕಬಹುದು. ಊರಿನ ಅಂಕಿಯೂ ಸರಿ. ತಾಲ್ಲೂಕಿನದು ಮಾತ್ರ ಕಷ್ಟ. ‘ಸೋಮವಾರಪೇಟೆ ತಾಲ್ಲೂಕು, 2011’ ಅಂತ ಇರುವ ಅಂಕಿಯಲ್ಲಿ ಈಗಿನ ಕುಶಾಲನಗರ ತಾಲ್ಲೂಕೂ ಸೇರಿದೆ. ಅದನ್ನು ಈಗಿನ ಸೋಮವಾರಪೇಟೆ ತಾಲ್ಲೂಕಿನ ಪುಟಕ್ಕೆ ಸುಮ್ನೆ ಅಂಟಿಸಿದರೆ ಅದು ಸುಳ್ಳಾಗುತ್ತದೆ. ಹೊಸ ತಾಲ್ಲೂಕಿಗೆ ಯಾವ ಯಾವ ಊರು ಸೇರಿದವು ಅನ್ನುವ ಸರ್ಕಾರಿ ಪಟ್ಟಿ ಇದ್ದರೆ, ಊರುಗಳ ಅಂಕಿ ಕೂಡಿಸಬಹುದು. ಬರೀ ಕೂಡಿಸುವ ಲೆಕ್ಕಕ್ಕೆ ವಿಕಿಯಲ್ಲಿ ಅಡ್ಡಿ ಇಲ್ಲ. ಆದರೆ ‘2011ರ ಜನಗಣತಿಯ ಊರುವಾರು ಅಂಕಿಗಳನ್ನು ಕೂಡಿಸಿದ್ದು’ ಅಂತ ಪಕ್ಕದಲ್ಲೇ ಬರೆಯಬೇಕು.

ಬೆಟ್ಟದ_ಬೈಕು · ಸೋಮವಾರ, ಮಧ್ಯಾಹ್ನ 1:40

ನಾನು ಬರೆಯೋದರಲ್ಲಿ ಹಿಂದೆ. ಫೋಟೊ ತೆಗೀತೀನಿ. ಯಾರು ಬೇಕಾದರೂ ಸೇರಿಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ನಮ್ಮ ಕಡೆಯ ತೋಟದ ರಸ್ತೆ, ಕಾಲುದಾರಿ ಎಲ್ಲಾ ಗುರುತು ಮಾಡ್ತಾ ಇರ್ತೀನಿ.

ಈಗ ತಾನೆ ಕೆದಕಲ್ ದಾಟಿ ಬರುವಾಗ ಒಂದು ಮೈಲಿಗಲ್ಲು ನೋಡಿದೆ. ಬೈಕ್ ನಿಲ್ಲಿಸಿ ಹತ್ತಿರ ಹೋದೆ. ಕಲ್ಲಿನ ಅರ್ಧ ಪಾಚಿ. ತಲೆಗೆ ಬಳಿದ ಹಳದಿ ಬಣ್ಣ ಒಂದು ಮೂಲೆಯಲ್ಲಿ ಚಕ್ಕೆ ಎದ್ದಿದೆ. ಉಗುರಿನಷ್ಟು ಜಾಗ. ಅದರ ಕೆಳಗೆ ಹಸಿರು ಕಾಣಿಸ್ತಾ ಇದೆ! ಹಳದಿ ಅಂದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಅಂದರೆ ರಾಜ್ಯ ಹೆದ್ದಾರಿ ಅಲ್ವಾ? ನಮ್ಮ ಅಪ್ಪ ಈ ರಸ್ತೆಯನ್ನು ಈಗಲೂ ‘ಎಸ್‌ಎಚ್ 88’ ಅಂತಾನೇ ಕರೀತಾರೆ. ಕಲ್ಲಲ್ಲೇ ಸಾಕ್ಷಿ ಇದೆ. ಫೋಟೊ ಹಾಕಿ ಇತಿಹಾಸದ ಭಾಗದಲ್ಲಿ ಬರೆಯಬಹುದಾ?

ಅರಳಿಕಟ್ಟೆ_ಹಳಬ · ಸೋಮವಾರ, ಮಧ್ಯಾಹ್ನ 2:30

ಫೋಟೊ ಖಂಡಿತ ಹಾಕಿ. ನೀವೇ ತೆಗೆದದ್ದು ಅಂದರೆ ವಿಕಿಯ ಮುಕ್ತ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಲು ಏನೂ ತೊಂದರೆ ಇಲ್ಲ. ಮುಕ್ತ ಪರವಾನಗಿ ಆರಿಸಿ, ತೆಗೆದ ಜಾಗ ಮತ್ತು ದಿನ ಬರೆಯಿರಿ. ಅಂಥ ಚಿತ್ರ ಬೇರೆ ಯಾರ ಹತ್ತಿರವೂ ಇರಲಿಕ್ಕಿಲ್ಲ.

ಬರಹಕ್ಕೆ ಮಾತ್ರ ಅದು ಸಾಲದು. ಆ ಕಲ್ಲು ಬಣ್ಣ ಬದಲಾಗಿದೆ ಅಂತ ಹೇಳುತ್ತದೆ, ಯಾವ ವರ್ಷ ಬದಲಾಯಿತು ಅಂತ ಹೇಳಲ್ಲ. ಮೈಸೂರು–ಬಂಟ್ವಾಳ ರಸ್ತೆ ಮೊದಲು ರಾಜ್ಯ ಹೆದ್ದಾರಿ 88 ಆಗಿದ್ದದ್ದು ನಿಜ, ಮೈಸೂರಿನಿಂದ ಬೆಂಗಳೂರಿನ ಭಾಗ ರಾಜ್ಯ ಹೆದ್ದಾರಿ 17 ಆಗಿತ್ತು. ಅದಕ್ಕೆ ಲೋಕೋಪಯೋಗಿ ಇಲಾಖೆಯ ಪಟ್ಟಿ ಅಥವಾ ಆ ಕಾಲದ ಪತ್ರಿಕೆ ವರದಿ ಉಲ್ಲೇಖವಾಗಿ ಕೊಡಿ. 2010ರಲ್ಲಿ ದೇಶದ ಹೆದ್ದಾರಿಗಳ ನಂಬರು ಬದಲಾದವು, ಕರಾವಳಿಯ ಹಳೆಯ 17 ಹೋಗಿ 66 ಆಯಿತಲ್ಲ, ಹಾಗೆ. ಹಳೆಯ ಲೇಖನಗಳಲ್ಲಿ ಹಳೆಯ ನಂಬರೇ ಇರುತ್ತದೆ. ವರ್ಷ ನೋಡದೆ ನಂಬರು ಎತ್ತಿಕೊಳ್ಳಬೇಡಿ.

ಅಪ್ಪ ಹೇಳಿದ್ದು ಸುಳ್ಳು ಅಂತ ಅಲ್ಲ. ಅವರ ಮಾತಿನಿಂದಲೇ ನಮಗೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಯಿತು. ಊರಿನವರು ತಿಳಿಸದಿದ್ದರೆ ಎಸ್‌ಎಚ್ 88 ಅಂತ ಯಾರೂ ಹುಡುಕುತ್ತಲೇ ಇರಲಿಲ್ಲ.

ನಿವೃತ್ತ_ಗುಮಾಸ್ತ · ಸೋಮವಾರ, ರಾತ್ರಿ 8:45

ನಿಮ್ಮ ಮಾತುಗಳನ್ನೆಲ್ಲ ಓದಿದೆ ಮಕ್ಕಳೇ. ನಾನು ಪಂಚಾಯಿತಿ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಟೈಪಿಂಗ್ ನಿಧಾನ, ಸ್ವಲ್ಪ ಸಹಿಸಿಕೊಳ್ಳಿ.

ರಸ್ತೆಗೆ ಇತಿಹಾಸ ಬರೆಯುವುದಾದರೆ 1956ನ್ನು ಬಿಡಬೇಡಿ. ಆ ವರ್ಷ ನವೆಂಬರ್ 1ರವರೆಗೆ ಕೊಡಗು ಬೇರೆಯೇ ರಾಜ್ಯ. 24 ಸದಸ್ಯರ ವಿಧಾನಸಭೆ, ಮಡಿಕೇರಿಯಲ್ಲಿ ಮುಖ್ಯಮಂತ್ರಿ ಸಿ. ಎಂ. ಪೂಣಚ್ಚ. ಕುಶಾಲನಗರದ ಹತ್ತಿರ ಕಾವೇರಿ ದಾಟಿದರೆ ಮೈಸೂರು ರಾಜ್ಯ. ಸಂಪಾಜೆಯಲ್ಲಿ ಇಳಿದರೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಇದೇ ಒಂದು ದಾರಿಯಲ್ಲಿ ಬಂಟ್ವಾಳದಿಂದ ಮೈಸೂರಿಗೆ ಹೋದವನು ಮೂರು ರಾಜ್ಯ ನೋಡುತ್ತಿದ್ದ. ಪಯಸ್ವಿನಿ ದಂಡೆಯವರು ಇವತ್ತು ಜಿಲ್ಲೆ ದಾಟಿ ಮಾವನ ಮನೆಗೆ ಹೋಗುತ್ತಾರಲ್ಲ, ಅವರ ಅಜ್ಜ ರಾಜ್ಯ ದಾಟಿ ಹೋಗುತ್ತಿದ್ದರು.

ಇನ್ನು ಪಂಚಾಯಿತಿ. ಇಲ್ಲಿ ಎರಡು ತಪ್ಪು ಪದೇ ಪದೇ ನೋಡುತ್ತೇನೆ. ಒಂದು, ಗ್ರಾಮ ಪಂಚಾಯಿತಿ ಅಧ್ಯಕ್ಷರ ಹೆಸರಿನ ಪಕ್ಕ ಪಕ್ಷದ ಹೆಸರು ಹಾಕುವುದು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಲ್ಲಿ ನಡೆಯುವುದಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಪಕ್ಷ ಉಂಟು, ಗ್ರಾಮಕ್ಕೆ ಇಲ್ಲ. ‘ಇಂಥವರು ಬೆಂಬಲಿಸಿದ ಅಭ್ಯರ್ಥಿ’ ಅಂತ ಪತ್ರಿಕೆ ಬರೆಯಬಹುದು. ವಿಶ್ವಕೋಶದ ಪುಟದ ಮಾಹಿತಿ ಚೌಕದಲ್ಲಿ ಪಕ್ಷ ಅಂತ ಬರೆದರೆ ತಪ್ಪು. ಇನ್ನೊಂದು, ಅಧ್ಯಕ್ಷರ ಹೆಸರನ್ನೇ ಹಾಕುವುದು. ಅವರು ಬದಲಾಗುತ್ತಲೇ ಇರುತ್ತಾರೆ. ನೀವು ಹಾಕಿ ಮರೆತುಬಿಡುತ್ತೀರಿ, ಹತ್ತು ವರ್ಷವಾದರೂ ಅದೇ ಹೆಸರು ಇರುತ್ತದೆ. ಜಿಲ್ಲಾ ಪಂಚಾಯಿತಿಗೂ ಹಾಗೇ. 2016ರಲ್ಲಿ ಆರಿಸಿ ಬಂದವರ ಅವಧಿ 2021ಕ್ಕೆ ಮುಗಿಯಿತು. ‘ಈಗಿನ ಅಧ್ಯಕ್ಷರು’ ಅಂತ ಅವರ ಹೆಸರು ಇನ್ನೂ ಎಲ್ಲಾದರೂ ಇದ್ದರೆ ತೆಗೆಯಿರಿ.

ಹೆಸರಿನ ಬದಲು ಬಾಳುವ ವಿಷಯ ಬರೆಯಿರಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಬಯಲುಸೀಮೆಯಲ್ಲಿ ಒಂದು ಪಂಚಾಯಿತಿಗೆ 5,000ದಿಂದ 7,000 ಜನ ಬೇಕು. ಕೊಡಗಿನಂಥ ಮಲೆನಾಡು ಜಿಲ್ಲೆಗೆ 2,500 ಇದ್ದರೂ ಸಾಕು ಅಂತ ಸಡಿಲಿಕೆ ಉಂಟು. ನಮ್ಮಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ. ಮತ ಹಾಕಲು, ಗ್ರಾಮಸಭೆಗೆ ಬರಲು ಜನ ಎಷ್ಟು ದೂರ ನಡೆಯಬೇಕು ಅಂತ ನೋಡಿಯೇ ಅದನ್ನು ಮಾಡಿದ್ದು. ಇದನ್ನು ಓದಿದರೆ ಹೊರಗಿನವರಿಗೂ ನಮ್ಮ ಪಂಚಾಯಿತಿಗಳು ಯಾಕೆ ಚಿಕ್ಕವು ಅಂತ ಅರ್ಥವಾಗುತ್ತದೆ.

ಕಾಲೇಜು_ಕೊಡೆ · ಸೋಮವಾರ, ರಾತ್ರಿ 9:30

ಸರ್, ತುಂಬಾ ಥ್ಯಾಂಕ್ಸ್. ಮೂರು ರಾಜ್ಯದ ಮಾತು ಓದಿ ಮೈ ಜುಮ್ ಅಂತು. ನಮ್ಮ ಪಾಠದಲ್ಲಿ ಇದು ಬಂದೇ ಇಲ್ಲ.

ನಾನು ವಿರಾಜಪೇಟೆಯಲ್ಲಿ ಓದ್ತಾ ಇದ್ದೀನಿ. ನನ್ನ ಪ್ರಶ್ನೆ ಊರಿನ ಹೆಸರಿನದ್ದು. ವಿರಾಜಪೇಟೆ ಸರಿಯಾ, ವೀರಾಜಪೇಟೆ ಸರಿಯಾ? ಬಸ್ಸಿನ ಬೋರ್ಡಲ್ಲಿ ಒಂಥರ, ಅಂಗಡಿ ಬೋರ್ಡಲ್ಲಿ ಇನ್ನೊಂಥರ. ನಮ್ಮ ಅಜ್ಜ ಕೇಳಿದರೆ ‘ವೀರರಾಜೇಂದ್ರಪೇಟೆ’ ಅಂತ ಪೂರ್ತಿ ಹೇಳಬೇಕು ಅಂತಾರೆ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಪೇಟೆ, ಹಾಗಾಗಿ ದೀರ್ಘ ಇರಲೇಬೇಕು ಅಂತ ಅವರ ವಾದ. ನಾನು ಒಂದು ಪುಟದಲ್ಲಿ ದೀರ್ಘ ಹಾಕಿದೆ. ಅರ್ಧ ಗಂಟೆಯಲ್ಲಿ ಯಾರೋ ಹ್ರಸ್ವ ಮಾಡಿದರು. ನಾನು ಮತ್ತೆ ದೀರ್ಘ ಮಾಡಿದೆ. ಅವರು ಮತ್ತೆ ಹ್ರಸ್ವ. ನನಗೆ ಅಳುವೇ ಬಂತು.

ಅರಳಿಕಟ್ಟೆ_ಹಳಬ · ಸೋಮವಾರ, ರಾತ್ರಿ 10:10

ಅಳಬೇಡಿ ತಂಗಿ. ಆ ಜಗಳ ಎಲ್ಲಾ ಭಾಷೆಯ ವಿಕಿಯಲ್ಲೂ ಇದೆ. ಎರಡು ಸಲಕ್ಕಿಂತ ಹೆಚ್ಚು ಹಿಂದೆ ಮುಂದೆ ಆದರೆ ಅಲ್ಲಿಗೇ ನಿಲ್ಲಿಸಿ, ಚರ್ಚೆ ಪುಟಕ್ಕೆ ಹೋಗಿ ಬರೆಯಬೇಕು. ‘ನಾನು ಹೀಗೆ ಮಾಡಿದ್ದು ಈ ಕಾರಣಕ್ಕೆ, ನಿಮ್ಮ ಕಾರಣ ಹೇಳಿ’ ಅಂತ. ಎದುರಿನವರು ಬಹಳ ಸಲ ಒಳ್ಳೆಯವರೇ ಆಗಿರುತ್ತಾರೆ.

ಪುಟದ ಹೆಸರು ಯಾವುದು ಇರಬೇಕು ಅನ್ನುವುದಕ್ಕೆ ನಾವು ನೋಡುವುದು, ಈಗ ಕನ್ನಡದಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಯಾವುದು ಅಂತ. ಹೆಸರಿನ ಹುಟ್ಟು ಬೇರೆ ವಿಷಯ. ನಿಮ್ಮ ಅಜ್ಜ ಹೇಳಿದ್ದು ‘ಹೆಸರು’ ಅನ್ನುವ ಭಾಗಕ್ಕೆ ಬರಬೇಕಾದದ್ದು: 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಪೇಟೆ, ಅವನ ಹೆಸರೇ ಊರಿಗೆ ಬಂತು ಅಂತ, ಉಲ್ಲೇಖ ಕೊಟ್ಟು ಬರೆಯಿರಿ. ಇನ್ನೊಂದು ಕಾಗುಣಿತಕ್ಕೆ ರೀಡೈರೆಕ್ಟ್ ಮಾಡಿ. ಯಾವ ರೀತಿ ಬರೆದು ಹುಡುಕಿದರೂ ಅದೇ ಪುಟ ಸಿಗುತ್ತದೆ. ಗೋಣಿಕೊಪ್ಪ, ಗೋಣಿಕೊಪ್ಪಲು ಇದ್ದದ್ದೂ ಇದೇ ಕಥೆ. ಕುಶಾಲನಗರಕ್ಕೆ ‘ಫ್ರೇಸರ್‌ಪೇಟೆ’ಯಿಂದಲೂ ರೀಡೈರೆಕ್ಟ್ ಬೇಕು, ಹಳೆಯ ದಾಖಲೆ ಓದುವವರು ಆ ಹೆಸರಲ್ಲಿ ಹುಡುಕುತ್ತಾರೆ.

ಗುಮಾಸ್ತ ಸರ್, ಮೂರು ರಾಜ್ಯದ ಮಾತು ಚಿನ್ನದಂಥದ್ದು. ಒಂದೇ ಒಂದು ವಿನಂತಿ. ಕುಶಾಲನಗರದ ಗಡಿಗೆ ಒಂದು ಉಲ್ಲೇಖ, ಸಂಪಾಜೆಯ ಗಡಿಗೆ ಒಂದು ಉಲ್ಲೇಖ ಬೇಕು. ಬ್ರಿಟಿಷರ ಕಾಲದ ಗೆಜೆಟಿಯರ್‌ಗಳಲ್ಲಿ, ಅಂದರೆ ಊರು-ಜಿಲ್ಲೆಗಳ ಸರ್ಕಾರಿ ಪುಸ್ತಕಗಳಲ್ಲಿ, ಗಡಿಯ ವಿವರ ಇದೆ, ಅವು ಕಾಪಿರೈಟ್ ಮುಗಿದ ಪುಸ್ತಕಗಳು.

ಬೆಟ್ಟದ_ಬೈಕು · ಮಂಗಳವಾರ, ಬೆಳಿಗ್ಗೆ 11:00

ಒಂದು ದೊಡ್ಡ ಪ್ರಶ್ನೆ. ಪ್ರತಿಯೊಂದಕ್ಕೂ ಪುಸ್ತಕ, ಪತ್ರಿಕೆ ಅಂದರೆ ರಸ್ತೆ ಬಗ್ಗೆ ಬರೆಯೋದು ಹೇಗೆ? ಎಡಕ್ಕೆ ತಿರುಗುತ್ತದೆ, ಹೊಳೆ ದಾಟುತ್ತದೆ ಅಂತ ಯಾವ ಪತ್ರಿಕೆ ಬರೆಯುತ್ತದೆ? ನಕ್ಷೆ ನೋಡಿ ಬರೆದರೆ ತಪ್ಪಾ?

ಅಮೆರಿಕದ ರಸ್ತೆ ಸಂಪಾದಕರ ಕಥೆ ಓದಿದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ವರ್ಷಗಟ್ಟಲೆ ಅಲ್ಲಿನ ಹೆದ್ದಾರಿಗಳ ಸಾವಿರಾರು ಲೇಖನ ಬರೆದವರು. ನಕ್ಷೆಯನ್ನು ಆಧಾರವಾಗಿ ಎಷ್ಟು ಬಳಸಬಹುದು, ಪ್ರತಿ ರಾಜ್ಯದ ರಸ್ತೆಗೂ ಪುಟ ಬೇಕಾ ಅಂತ ಜಗಳ ಆಗಿ, 2023ರಲ್ಲಿ ಅವರಲ್ಲಿ ಹಲವರು ಹೊರಗೆ ಬಂದು ಎಎರೋಡ್ಸ್ ವಿಕಿ ಅಂತ ಬೇರೆಯೇ ಕಟ್ಟಿಕೊಂಡರು. ನಾವೂ ಹಾಗೆ ಕೊಡಗಿನ ರಸ್ತೆಗೇ ಒಂದು ಬೇರೆ ತಾಣ ಮಾಡಿದರೆ ಹೇಗೆ?

ಸುಂಟಿಕೊಪ್ಪ_ಸಂತೆ · ಮಂಗಳವಾರ, ಮಧ್ಯಾಹ್ನ 12:15

ನನಗೆ ಬೇಡ ಅನ್ನಿಸುತ್ತದೆ. ಅವರು ತುಂಬಾ ಜನ, ನಾವು ಆರು ಜನ. ನಮ್ಮ ಊರಿನ ಮಕ್ಕಳು ಹೋಮ್‌ವರ್ಕ್‌ಗೆ ತೆರೆಯುವುದು ವಿಕಿಪೀಡಿಯ. ನಾವು ಬರೆದದ್ದು ಅಲ್ಲೇ ಇರಬೇಕು.

ಆದರೆ ಅವರಿಂದ ಕಲಿಯುವುದಿದೆ. ಅವರ ಲೇಖನಗಳಿಗೆ ಒಂದು ಅಚ್ಚು ಇತ್ತು: ದಾರಿಯ ವಿವರ, ಇತಿಹಾಸ, ಆಮೇಲೆ ಮುಖ್ಯ ಕೂಡುರಸ್ತೆಗಳ ಪಟ್ಟಿ. ನನ್ನ ಕರಡೂ ಈಗ ಹಾಗೇ ಇದೆ. ಸಂಪಾಜೆಯಿಂದ ಮಡಿಕೇರಿ, ಮಡಿಕೇರಿಯಿಂದ ಕುಶಾಲನಗರ ಅಂತ ಎರಡು ತುಂಡು ಮಾಡಿದೆ, ಯಾಕಂದರೆ ಎರಡೂ ಬೇರೆ ಬೇರೆ ರಸ್ತೆಯ ಹಾಗೆ ಇವೆ. ಮೊದಲನೆಯದು ಪೂರಾ ಘಾಟಿ, ಒಂದು ಕಡೆ ಕಡಿದಾದ ಗುಡ್ಡದ ಬರೆ, ಇನ್ನೊಂದು ಕಡೆ ಕಣಿವೆ. ಎರಡನೆಯದು ಕಾಫಿ ತೋಟದ ನಡುವೆ ನಿಧಾನಕ್ಕೆ ಇಳಿದು, ಆನೆಕಾಡಿನ ನೆರಳು ದಾಟಿ, ಕಾವೇರಿ ಬಯಲಿಗೆ ಬರುತ್ತದೆ.

ಅರಳಿಕಟ್ಟೆ_ಹಳಬ · ಮಂಗಳವಾರ, ಮಧ್ಯಾಹ್ನ 1:00

ನಕ್ಷೆಯಲ್ಲಿ ಎಲ್ಲರಿಗೂ ಕಣ್ಣಿಗೆ ಕಾಣುವುದನ್ನು ಬರೆಯಬಹುದು. ಯಾವ ಊರು ಆದಮೇಲೆ ಯಾವ ಊರು, ಎಲ್ಲಿ ಹೊಳೆ ದಾಟುತ್ತದೆ, ಅಷ್ಟು. ‘ಇದು ಕೊಡಗಿನ ಅತಿ ಅಪಾಯದ ತಿರುವು’ ಅಂತ ನಕ್ಷೆ ನೋಡಿ ಬರೆಯಲು ಬರಲ್ಲ. ಯಾವುದೇ ಕಂಪನಿಯ ನಕ್ಷೆಯ ಚಿತ್ರವನ್ನು ಕತ್ತರಿಸಿ ಹಾಕಬೇಡಿ, ಅದಕ್ಕೆ ಕಾಪಿರೈಟ್ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಮುಕ್ತ, ಹೆಸರು ಹೇಳಿ ಬಳಸಿ. ನೀವು ಅಲ್ಲಿ ಮಾಡಿದ ಕೆಲಸ ಇಲ್ಲಿಗೂ ಬರುತ್ತದೆ ತಮ್ಮಾ.

ಚಿಕ್ಕ ರಸ್ತೆಗಳಿಗೆಲ್ಲ ಬೇರೆ ಪುಟ ಬೇಡ. ಆ ಊರಿನ ಪುಟದಲ್ಲಿ ‘ಸಾರಿಗೆ’ ಅನ್ನುವ ಭಾಗದಲ್ಲಿ ಎರಡು ಸಾಲು ಸಾಕು.

ಕಾಲೇಜು_ಕೊಡೆ · ಮಂಗಳವಾರ, ಸಂಜೆ 6:20

2018ರ ಗುಡ್ಡ ಕುಸಿತದ ಭಾಗ ನಾನು ಬರೆಯಲಾ? ಆಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ನಮ್ಮ ದೊಡ್ಡಮ್ಮನ ಮನೆ ಮಕ್ಕಂದೂರಿನ ಕಡೆ. ಅವರು ಉಟ್ಟ ಬಟ್ಟೆಯಲ್ಲಿ ಬಂದು ನಮ್ಮ ಮನೆಯಲ್ಲಿ ಎರಡು ತಿಂಗಳು ಇದ್ದರು. ದೊಡ್ಡಮ್ಮ ಒಂದು ಸ್ಟೀಲ್ ಡಬ್ಬ ಮಾತ್ರ ಎದೆಗೆ ಅವಚಿಕೊಂಡು ಬಂದಿದ್ದರು, ಅದರಲ್ಲಿ ತೋಟದ ದಾಖಲೆ ಪತ್ರ. ಒಳಗೂ ಕೆಸರು ನುಗ್ಗಿತ್ತು. ಒಂದೊಂದೇ ಹಾಳೆ ಬಿಡಿಸಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆವು.

ವಿಕಿಯಲ್ಲಿ ಇದನ್ನು ಬರೆಯಲಾಗದು ಅಂತ ಗೊತ್ತು. ಆದರೆ ಆ ರಸ್ತೆಯ ಇತಿಹಾಸದಲ್ಲಿ ಆ ಆಗಸ್ಟ್ ಇರಲೇಬೇಕು.

ಪಯಸ್ವಿನಿ_ದಂಡೆ · ಮಂಗಳವಾರ, ರಾತ್ರಿ 8:10

ಬರೆಯಿರಿ ತಂಗಿ. 2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ನಡುವೆ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು. ನಮ್ಮ ಕಡೆ ಶಾಲೆಗಳಲ್ಲಿ ಪರಿಹಾರ ಕೇಂದ್ರ. ಘಾಟಿಯಿಂದ ಇಳಿದು ಬಂದವರಿಗೆ ನಾವು ಗಂಜಿ ಬೇಯಿಸಿದ್ದೇವೆ. ಹೊಳೆಯ ನೀರು ಕೆಂಪು ಮಣ್ಣಿನ ಬಣ್ಣದಲ್ಲಿ ಎಷ್ಟೋ ದಿನ ಹರಿಯಿತು.

ರಸ್ತೆಗೆ ಸಂಬಂಧ ಇರುವುದು ಮಾತ್ರ ಇಲ್ಲಿ ಇರಲಿ: ಯಾವಾಗ ಮುಚ್ಚಿತು, ಎಲ್ಲಿಂದ ಎಲ್ಲಿಯವರೆಗೆ, ಸಣ್ಣ ವಾಹನ ಯಾವಾಗ ಬಿಟ್ಟರು, ಬಸ್ಸು ಯಾವಾಗ ಬಿಟ್ಟರು. ಆ ದಿನಗಳ ಪತ್ರಿಕೆಗಳಲ್ಲಿ ಇದೆಲ್ಲ ದಿನಾಂಕ ಸಹಿತ ಇದೆ. 2019ರ ತೋರ ಗ್ರಾಮದ ಕುಸಿತ, 2020ರ ತಲಕಾವೇರಿಯ ಬ್ರಹ್ಮಗಿರಿ ಕುಸಿತ ಈ ಹೆದ್ದಾರಿಯಲ್ಲಿ ಅಲ್ಲ. ಅವು ಆಯಾ ಊರಿನ ಪುಟಕ್ಕೆ ಹೋಗಲಿ. ಎಲ್ಲಾ ಒಂದೇ ಕಡೆ ತುಂಬಿದರೆ ಯಾವುದು ಎಲ್ಲಿ ಆಯಿತು ಅಂತ ಗೊತ್ತಾಗುವುದಿಲ್ಲ.

ಸುಂಟಿಕೊಪ್ಪ_ಸಂತೆ · ಬುಧವಾರ, ಬೆಳಿಗ್ಗೆ 6:50

ಆ ಡಬ್ಬದ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. 2018ರ ಭಾಗ ನಿಮ್ಮದೇ ತಂಗಿ. ಸತ್ತವರ ಸಂಖ್ಯೆ ಬರೆಯುವಾಗ ಮಾತ್ರ ಎರಡು ಮೂರು ಕಡೆ ನೋಡಿ. ಮೊದಲ ದಿನದ ವರದಿ ಒಂದು ಹೇಳುತ್ತದೆ, ತಿಂಗಳ ನಂತರದ್ದು ಇನ್ನೊಂದು. ಕೊನೆಯ ಅಧಿಕೃತ ಅಂಕಿಯನ್ನೇ ಹಾಕಿ. ಅವರ ಮನೆಯವರು ಯಾರಾದರೂ ಓದುತ್ತಾರೆ.

ನನ್ನ ಕಡೆಯಿಂದ ಇನ್ನೊಂದು ತಪ್ಪು ಹೇಳುತ್ತೇನೆ. ಬೈಲುಕುಪ್ಪೆಯ ಟಿಬೆಟನ್ ಮಠ, ಎಲ್ಲರೂ ಗೋಲ್ಡನ್ ಟೆಂಪಲ್ ಅನ್ನುತ್ತಾರಲ್ಲ, ಅದನ್ನು ಕೊಡಗಿನ ಪ್ರವಾಸಿ ತಾಣ ಅಂತ ಎಷ್ಟು ಕಡೆ ಬರೆದಿದ್ದಾರೆ! ಕುಶಾಲನಗರದಿಂದ ಆಟೊದಲ್ಲಿ ಹೋಗಿಬರುವಷ್ಟು ಹತ್ತಿರ ನಿಜ. ಆದರೆ ಅದು ಕಾವೇರಿ ಆಚೆ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಹೆದ್ದಾರಿಯ ಪುಟದಲ್ಲಿ ಅದು ಮೈಸೂರು ಜಿಲ್ಲೆಯ ಭಾಗದಲ್ಲೇ ಇರಬೇಕು.

ನಿವೃತ್ತ_ಗುಮಾಸ್ತ · ಬುಧವಾರ, ಮಧ್ಯಾಹ್ನ 3:30

ಕುಶಾಲನಗರ ಅಂದಿರಿ, ಅದಕ್ಕೆ ಹೇಳುತ್ತೇನೆ. ಯಂತ್ರದಿಂದ ಅನುವಾದ ಮಾಡಿದವರು ಎಲ್ಲಾ ಪೇಟೆಗೂ ‘ಪುರಸಭೆ’ ಅಂತ ಬರೆದುಬಿಡುತ್ತಾರೆ. ಪಟ್ಟಣ ಪಂಚಾಯಿತಿ ಬೇರೆ, ಪುರಸಭೆ ಬೇರೆ, ನಗರಸಭೆ ಬೇರೆ. ಜನಸಂಖ್ಯೆ ನೋಡಿ ಊಹಿಸಲೂ ಬೇಡಿ. 2011ರಲ್ಲಿ ಮಡಿಕೇರಿಯಲ್ಲಿ ಇದ್ದದ್ದು 33,381 ಜನ. ಆದರೂ ಅದು ನಗರಸಭೆ. ಸೋಮವಾರಪೇಟೆಯ ಹಳೆಯ ಬರಹಗಳೆಲ್ಲ ಪಟ್ಟಣ ಪಂಚಾಯಿತಿ ಅಂತಲೇ ಇವೆ. ಕುಶಾಲನಗರ ಪಟ್ಟಣ ಪಂಚಾಯಿತಿ ಆಗಿತ್ತು, ಪಕ್ಕದ ಮುಳ್ಳುಸೋಗೆ ಗ್ರಾಮ ಪಂಚಾಯಿತಿ ಅದರೊಳಗೆ ಸೇರಿ ಪುರಸಭೆ ಆಯಿತು. ಹಾಗಾದರೆ ಮುಳ್ಳುಸೋಗೆ ಪಂಚಾಯಿತಿಯ ಪುಟವನ್ನು ಏನು ಮಾಡುವುದು? ಅಳಿಸಬೇಡಿ. ‘ಆಗಿತ್ತು’ ಅಂತ ಭೂತಕಾಲದಲ್ಲಿ ಬರೆಯಿರಿ. ಅಲ್ಲಿ ಗ್ರಾಮಸಭೆ ನಡೆದಿದೆ, ಜನ ಅರ್ಜಿ ಕೊಟ್ಟಿದ್ದಾರೆ, ನೀರಿನ ಟ್ಯಾಂಕ್ ಕಟ್ಟಿಸಿದ್ದಾರೆ. ಆ ಪಂಚಾಯಿತಿ ಇರಲೇ ಇಲ್ಲ ಅನ್ನುವ ಹಾಗೆ ಮಾಡಬಾರದು.

ಇಂಥ ಬದಲಾವಣೆಗೆಲ್ಲ ಗಟ್ಟಿ ಆಧಾರ ರಾಜ್ಯಪತ್ರ, ಅಂದರೆ ಸರ್ಕಾರದ ಗೆಜೆಟ್. ಅಧಿಸೂಚನೆಯ ನಂಬರು, ತಾರೀಖು ಹಾಕಿದರೆ ಯಾರೂ ಪ್ರಶ್ನೆ ಮಾಡುವಂತಿಲ್ಲ. ಕರಡು ಅಧಿಸೂಚನೆ ಅಂತ ಒಂದು ಬರುತ್ತದೆ, ಆಕ್ಷೇಪಣೆ ಕರೆಯಲು. ಆಮೇಲೆ ಅಂತಿಮ ಅಧಿಸೂಚನೆ. ಪತ್ರಿಕೆಯವರು ಕರಡು ಬಂದ ದಿನವೇ ‘ಆಯಿತು’ ಅಂತ ಬರೆಯುತ್ತಾರೆ. ನೀವು ಅಂತಿಮದ್ದನ್ನೇ ನೋಡಿ. ಪಂಚಾಯಿತಿಯ ನಡಾವಳಿ ಪುಸ್ತಕದಿಂದ ಬರೆಯಲು ಹೋಗಬೇಡಿ, ಅದು ಎಲ್ಲರ ಕೈಗೆ ಸಿಗುವುದಿಲ್ಲ, ಓದುಗ ಹೋಗಿ ನೋಡಲಾರ.

ಚುನಾವಣಾ ಕ್ಷೇತ್ರವೂ ಹಾಗೆ. ಸೋಮವಾರಪೇಟೆ ವಿಧಾನಸಭಾ ಕ್ಷೇತ್ರ 2008ರ ವಿಂಗಡಣೆಯಲ್ಲಿ ಹೋಯಿತು. ಈಗ ಮಡಿಕೇರಿ ಮತ್ತು ವಿರಾಜಪೇಟೆ ಎರಡೇ. ಲೋಕಸಭೆಗೆ ಮೊದಲು ಮಂಗಳೂರಿನ ಜೊತೆ ಇದ್ದೆವು, ಈಗ ಮೈಸೂರಿನ ಜೊತೆ. ಊರಿನ ಪುಟಗಳಲ್ಲಿ ಹಳೆಯ ಕ್ಷೇತ್ರ ಉಳಿದಿದ್ದರೆ ಸರಿಮಾಡಿ.

ಬೆಟ್ಟದ_ಬೈಕು · ಬುಧವಾರ, ರಾತ್ರಿ 9:00

ಸರ್, ಶನಿವಾರ ನಿಮ್ಮ ಮನೆಗೆ ಬರಬಹುದಾ? ರಾಜ್ಯಪತ್ರ ಆನ್‌ಲೈನ್‌ನಲ್ಲಿ ಹುಡುಕೋದು ನಾನು ತೋರಿಸ್ತೀನಿ. ಯಾವ ಶಬ್ದ ಹಾಕಿ ಹುಡುಕಬೇಕು ಅಂತ ನೀವು ಹೇಳಿ. ನನಗೆ ಆ ಭಾಷೆ ಅರ್ಥ ಆಗಲ್ಲ.

ನಿವೃತ್ತ_ಗುಮಾಸ್ತ · ಬುಧವಾರ, ರಾತ್ರಿ 9:25

ಬಾ ಮಗಾ. ಊಟಕ್ಕೇ ಬಾ. ಕನ್ನಡಕ ಹಾಕಿಕೊಂಡು ಕೂರುತ್ತೇನೆ.

ಪಯಸ್ವಿನಿ_ದಂಡೆ · ಶನಿವಾರ, ರಾತ್ರಿ 8:40

ಎರಡೂ ಸಂಪಾಜೆಯ ಪುಟದ ಕರಡು ಹಾಕಿದ್ದೇನೆ. ತಲೆಯಲ್ಲಿ ಹಳಬರು ಹೇಳಿದ ಸಾಲು ಉಂಟು. ಆಚೆ ದಡದ ವಿವರಕ್ಕೆ ಮಾವನ ಮಗಳು ಸಹಾಯ ಮಾಡಿದಳು, ಅವಳೂ ಇವತ್ತು ಖಾತೆ ತೆರೆದಳು. ಎರಡು ಪುಟದಲ್ಲೂ ಹೆದ್ದಾರಿಯ ಪುಟಕ್ಕೆ ಕೊಂಡಿ ಕೊಟ್ಟಿದ್ದೇನೆ. ಒಮ್ಮೆ ನೋಡಿ.

ಸುಂಟಿಕೊಪ್ಪ_ಸಂತೆ · ಶನಿವಾರ, ರಾತ್ರಿ 9:15

ನೋಡಿದೆ ಅಣ್ಣ, ತುಂಬಾ ಚೆನ್ನಾಗಿ ಬಂದಿದೆ. ಪಿನ್‌ಕೋಡ್ ಮಾತ್ರ ಎರಡೂ ಪುಟದಲ್ಲಿ ಒಂದೇ ಬಿದ್ದಿದೆ, ಅಂಚೆ ಕಚೇರಿಯಲ್ಲಿ ಕೇಳಿ ನೋಡ್ತೀರಾ? ಅಲ್ಲಿಯವರೆಗೆ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಬೆಟ್ಟದ_ಬೈಕು · ಶನಿವಾರ, ರಾತ್ರಿ 10:30

ಈಗಷ್ಟೇ ಸರ್ ಮನೆಯಿಂದ ಬಂದೆ. ತಾಲ್ಲೂಕಿನದ್ದು ಸಿಕ್ಕಿತು, ಊರುಗಳ ಪಟ್ಟಿ ಸಮೇತ! ಮುಳ್ಳುಸೋಗೆಯದ್ದು ಇನ್ನೂ ಹುಡುಕಬೇಕು. ನಾಳೆ ಬೆಳಿಗ್ಗೆ ಮಂಜು ಇಳಿದ ಮೇಲೆ ಜೋಡುಪಾಲಕ್ಕೆ ಹೋಗ್ತೀನಿ, 2018ರ ಭಾಗಕ್ಕೆ ಫೋಟೊ ಬೇಕಲ್ವಾ. ಯಾರಿಗಾದರೂ ಬೇರೆ ಜಾಗದ್ದು ಬೇಕಿದ್ದರೆ ಏಳು ಗಂಟೆ ಒಳಗೆ ಹೇಳಿ.

ಕಾಲೇಜು_ಕೊಡೆ · ಶನಿವಾರ, ರಾತ್ರಿ 10:40

ಮದೆನಾಡಿನ ಹತ್ತಿರ ಹೊಸದಾಗಿ ಕಟ್ಟಿದ ತಡೆಗೋಡೆ ಇದ್ದರೆ ಅದರದ್ದು ಒಂದು ತೆಗೀರಿ ಅಣ್ಣ. ರಸ್ತೆಯ ಅಂಚೂ ಕಾಣುವ ಹಾಗೆ.